ಬಾಯಲ್ಲಿ ಪ್ಯೂರ್ ಸಿಲ್ಕ್, ಬಿಲ್ಲಲ್ಲಿ ಬರೀ ಸೀರೆ

ಸಂಪಾದಕರಿಗೆ,

ಮಾನ್ಯರೇ,

ಮದುವೆ ತಿಂಗಳು ಬಂತೆಂದರೆ ನಿಮ್ಮ ಪತ್ರಿಕೆಯ ಮುಖಪುಟವನ್ನೇ ಸೀರೆ ಅಂಗಡಿಯವರು ಹಿಡಿದುಕೊಂಡಿರುತ್ತಾರೆ. ಸುದ್ದಿ ಓದಬೇಕಾದರೆ ಎರಡು ಹಾಳೆ ತಿರುಗಿಸಬೇಕು. ಬೇಜಾರಿಲ್ಲ, ಪತ್ರಿಕೆಯೂ ನಡೆಯಬೇಕಲ್ಲ. ಆದರೆ ಅದೇ ಜಾಹೀರಾತು ನೋಡಿ ಜವಳಿ ತೆಗೆಯಲು ಹೋಗುವ ನಮ್ಮಂಥವರಿಗೆ ಒಂದು ಮಾತು ಹೇಳುವುದಿದೆ. ಅದಕ್ಕೆ ಒಳಪುಟದಲ್ಲಿ ಒಂದಿಷ್ಟು ಜಾಗ ಕೊಡಿ. ಪತ್ರ ಉದ್ದವಾಯಿತು ಅನ್ನಿಸಿದರೆ ಕತ್ತರಿ ಹಾಕಿ, ಬಿಲ್ಲಿನ ವಿಷಯ ಮಾತ್ರ ಉಳಿಸಿ.

ನಾನು ತಿಪಟೂರಿನವಳು. 31 ವರ್ಷ ಅಂಚೆ ಕಚೇರಿಯ ಕೌಂಟರ್‌ನಲ್ಲಿ ಕೂತು ನಿವೃತ್ತಳಾದವಳು. ನೂರು ರೂಪಾಯಿ ಆರ್‌ಡಿ ಕಟ್ಟಲು ಬಂದವರಿಗೂ ಪಾಸ್‌ಬುಕ್‌ಗೆ ಮೊಹರು ಒತ್ತಿ, ‘ಒಂದ್ಸಲ ನೋಡ್ಕೊಂಡು ಹೋಗಿ’ ಎಂದು ಹೇಳಿ ಕಳಿಸುತ್ತಿದ್ದವಳು. ಅಂಥ ನಾನೇ ಮಗಳ ಧಾರೆ ಸೀರೆಯ ಬಿಲ್ ಓದದೆ ಬ್ಯಾಗಿಗೆ ಹಾಕಿಕೊಂಡೆ.

ಕಳೆದ ಏಪ್ರಿಲ್‌ನಲ್ಲಿ ಐದು ಜನ ಬೆಳಗಿನ ರೈಲಿಗೆ ಬೆಂಗಳೂರಿಗೆ ಹೋದೆವು. ನಾನು, ಮಗಳು, ನಮ್ಮ ಯಜಮಾನರು, ನಾದಿನಿ, ಜೊತೆಗೆ ಬೀಗಿತ್ತಿ. ಅಂಗಡಿ ಯಾವುದು ಎಂದು ಬರೆಯುವುದಿಲ್ಲ. ಯಾಕೆ ಅನ್ನುವುದು ಮುಂದೆ ಗೊತ್ತಾಗುತ್ತದೆ. ಮೂರನೇ ಮಹಡಿಯಲ್ಲಿ ಬಿಳಿ ಹಾಸಿಗೆ, ತಂಪಾದ ಬಾದಾಮಿ ಹಾಲು, ‘ಕೂತ್ಕೊಳ್ಳಿ ಅಮ್ಮಾ’ ಅನ್ನುವ ಹುಡುಗರು. ಅರಿಶಿನ ಬಣ್ಣದ ಒಡಲು, ಕುಂಕುಮ ಬಣ್ಣದ ಅಗಲ ಅಂಚು, ಸೆರಗಿನ ತುಂಬ ಜರಿ. ಹುಡುಗ ಅದನ್ನು ಮಗಳ ಹೆಗಲ ಮೇಲೆ ಹೊದಿಸಿ ಕನ್ನಡಿ ಮುಂದೆ ನಿಲ್ಲಿಸಿದಾಗ ನಮ್ಮ ಬೀಗಿತ್ತಿ, ಸುಲಭಕ್ಕೆ ಏನನ್ನೂ ಮೆಚ್ಚದವರು, ‘ಇದೇ ಇರ್ಲಿ’ ಅಂದುಬಿಟ್ಟರು. ಹುಡುಗ ಹೇಳಿದ ಮಾತು ಇನ್ನೂ ಕಿವಿಯಲ್ಲಿದೆ. ‘ಅಮ್ಮಾ, ಪ್ಯೂರ್ ರೇಷ್ಮೆ, ಪ್ಯೂರ್ ಜರಿ. ಇಪ್ಪತ್ತು ವರ್ಷ ಬಿಟ್ಟು ಜರಿ ಮಾರಿದ್ರೂ ಕಾಸು ಬರುತ್ತೆ.’

ಬೆಲೆ 38,500 ರೂಪಾಯಿ. ‘ಬಿಲ್ ಬೇಡ ಅಂದ್ರೆ ಟ್ಯಾಕ್ಸ್ ಉಳಿಯುತ್ತೆ, ನೋಡಿ’ ಅಂದ ಕ್ಯಾಷಿಯರ್. ಶೇ 5ರ ಲೆಕ್ಕದಲ್ಲಿ 1,925 ರೂಪಾಯಿ. ಕೊಬ್ಬರಿ ಮಾರಿದ ದುಡ್ಡು ಎಣಿಸುತ್ತಿದ್ದ ನಮ್ಮ ಯಜಮಾನರ ಕಣ್ಣು ಅರಳಿತು. ನನ್ನ ಹಳೇ ಚಾಳಿ ಬಿಡಬೇಕಲ್ಲ, ಬಿಲ್ ಬೇಕೇ ಬೇಕು ಅಂದೆ. ಒಟ್ಟು 40,425 ಆಯಿತು. ಬಿಲ್ ಕೊಟ್ಟರು, ತಗೊಂಡೆ. ಅಷ್ಟೇ, ಓದಲಿಲ್ಲ.

ನಮ್ಮ ಬೀದಿಯಲ್ಲಿ ಸೀರೆಗೆ ಕುಚ್ಚು ಕಟ್ಟುವ ಹೆಣ್ಣುಮಗಳೊಬ್ಬಳಿದ್ದಾಳೆ. ಓದಿದ್ದು ಏಳನೇ ಕ್ಲಾಸು. ಮೊದಲು ಬ್ಲೌಸ್ ಪೀಸ್ ಕತ್ತರಿಸಿ ಬೇರೆ ಮಾಡಿದಳು. ಆಮೇಲೆ ಸೆರಗಿನ ತುದಿಯ ಎಳೆಗಳನ್ನು ಬಿಡಿಸಿ ಎರಡು ಬೆರಳ ನಡುವೆ ಹೊಸೆಯುತ್ತಾ ಕೂತಳು. ಕತ್ತರಿಸಿದ ಕಡೆ ಜಾರಿ ಬಂದಿದ್ದ ಇನ್ನೊಂದು ಎಳೆ ಕೈಗೆ ಸಿಕ್ಕಿತು. ಅದನ್ನೂ ಹೊಸೆದಳು. ಮತ್ತೆ ಇದು, ಮತ್ತೆ ಅದು. ‘ಅಕ್ಕಾ, ಬೆಂಕಿಪೊಟ್ಟಣ ಕೊಡ್ತೀರಾ?’ ಅಂದಳು.

ದೇವರ ಮನೆಯಿಂದ ತಂದುಕೊಟ್ಟೆ. ಸೆರಗಿನ ಎಳೆಗೆ ಕಡ್ಡಿ ಹಿಡಿದಳು. ನಿಧಾನವಾಗಿ ಸುಟ್ಟಿತು, ಕೂದಲು ಸುಟ್ಟ ವಾಸನೆ. ಉಳಿದ ಬೂದಿಯನ್ನು ಮುಟ್ಟಿದರೆ ಪುಡಿಪುಡಿ. ‘ಇದು ರೇಷ್ಮೆ’ ಅಂದಳು. ಆಮೇಲೆ ಆ ಇನ್ನೊಂದು ಎಳೆ. ಬೆಂಕಿ ತಾಕುವ ಮೊದಲೇ ಮುದುಡಿಕೊಂಡಿತು, ಕರಗಿತು, ತುದಿಯಲ್ಲಿ ಸಾಸಿವೆ ಕಾಳಿಗಿಂತ ಚಿಕ್ಕ ಕಪ್ಪು ಗುಂಡು ಕಟ್ಟಿತು. ಮನೆಯಲ್ಲೆಲ್ಲ ಪ್ಲಾಸ್ಟಿಕ್ ಕವರ್ ಸುಟ್ಟ ನಾತ. ಆರಿದ ಮೇಲೆ ಆ ಗುಂಡನ್ನು ಉಗುರಲ್ಲಿ ಒತ್ತಿ ನೋಡಿದೆ. ಒಡೆಯಲಿಲ್ಲ.

‘ಹಾಸು ರೇಷ್ಮೆ ಅಕ್ಕಾ, ಹೊಕ್ಕು ಪಾಲಿಸ್ಟರ್’ ಅಂದಳು. ಹಾಸು ಅಂದರೆ ಸೀರೆಯ ಉದ್ದಕ್ಕೆ ಹೋಗುವ ನೂಲು, ಹೊಕ್ಕು ಅಂದರೆ ಅಡ್ಡ ಬರುವುದು. ಸೆರಗಿನ ತುದಿಯಲ್ಲಿ ಜೋತಾಡುವುದು ಹಾಸಿನ ಎಳೆ ಮಾತ್ರ. ಅಂಗಡಿಯಲ್ಲಿ ಯಾರಾದರೂ ಅನುಮಾನ ಪಟ್ಟು ತುದಿಯ ಎಳೆ ಸುಟ್ಟು ತೋರಿಸಿ ಅಂದರೂ ಅಸಲಿ ರೇಷ್ಮೆಯೇ ಸುಡುತ್ತದೆ. ಎಂಥಾ ಬುದ್ಧಿ ನೋಡಿ! ಜರಿಯನ್ನೂ ಬ್ಲೇಡಿನಿಂದ ಸ್ವಲ್ಪ ಕೆರೆದಳು. ಅಸಲಿ ಜರಿಯೊಳಗೆ ಸಾಮಾನ್ಯವಾಗಿ ಕೆಂಪು ರೇಷ್ಮೆ ನೂಲು ಇರುತ್ತದಂತೆ. ಇಲ್ಲಿ ಕಂಡದ್ದು ಬಿಳಿ ದಾರ.

ಮದುವೆಗೆ ಇನ್ನು 22 ದಿನ ಇತ್ತು. ಕೊಂಡು 19 ದಿನ ಆಗಿತ್ತು.

ಆ ರಾತ್ರಿ ಬಿಲ್ ತೆಗೆದು ಮೊದಲ ಸಲ ಓದಿದೆ. ‘ಸೀರೆ, 1’ ಎಂದಿದೆ. ಮುಂದೆ ಬೆಲೆ, ಟ್ಯಾಕ್ಸ್. ರೇಷ್ಮೆ ಎಂಬ ಪದವೇ ಇಲ್ಲ. ಜರಿಯ ಸುದ್ದಿ ಇಲ್ಲ. ಹಿಂಬದಿಯಲ್ಲಿ ಮಾತ್ರ ಎದ್ದು ಕಾಣುವ ಹಾಗೆ: ‘ಒಮ್ಮೆ ಮಾರಿದ ಮಾಲನ್ನು ವಾಪಸ್ ಪಡೆಯುವುದಿಲ್ಲ.’ ನಮ್ಮೂರ ಮಾರುಕಟ್ಟೆಯಲ್ಲಿ ಒಂದು ಚೀಲ ಉಂಡೆ ಕೊಬ್ಬರಿಯಲ್ಲಿ ನಾಲ್ಕು ಕೌಟು, ಅಂದರೆ ಕೆಟ್ಟದ್ದು, ಬಂದರೆ ವರ್ತಕರು ಮುಖ ಸಿಂಡರಿಸಿ ದರ ಇಳಿಸುತ್ತಾರೆ. ರೈತ ಸುಮ್ನೆ ತಲೆ ಆಡಿಸಬೇಕು. ಅದೇ ರೈತ ನಲವತ್ತು ಸಾವಿರ ಕೊಟ್ಟು ಸೀರೆ ಕೊಂಡಾಗ ಮಾಲು ಕೌಟು ಅನ್ನುವ ಹಾಗಿಲ್ಲ!

ಮಾರನೇ ದಿನ ಅಂಗಡಿಗೆ ಫೋನ್ ಮಾಡಿದೆ. ಹಾಲು ಕೊಟ್ಟ ಹುಡುಗ ರಜೆಯಲ್ಲಿದ್ದ. ಮ್ಯಾನೇಜರ್ ಸಿಕ್ಕಿದರು. ‘ಪ್ಯೂರ್ ಅಂತ ಯಾರು ಹೇಳಿದ್ರು ಮೇಡಂ? ಬಿಲ್ಲಲ್ಲಿ ಎಲ್ಲಿದೆ ತೋರಿಸಿ. ಅದೂ ಅಲ್ದೆ ಬ್ಲೌಸ್ ಪೀಸ್ ಬೇರೆ ಕಟ್ ಮಾಡಿಬಿಟ್ಟಿದ್ದೀರಿ.’ ಬೇಕಿದ್ದರೆ ಅರ್ಧ ಬೆಲೆಗೆ ಕ್ರೆಡಿಟ್ ನೋಟ್ ಬರೆದುಕೊಡುತ್ತೇವೆ, ಅಷ್ಟಕ್ಕೆ ನಮ್ಮಲ್ಲೇ ಬೇರೆ ಏನಾದರೂ ತಗೊಳ್ಳಿ ಅಂದರು. ಫೋನ್ ಇಟ್ಟ ಮೇಲೆ ಯಜಮಾನರು, ‘ಹೋಗ್ಲಿ ಬಿಡು, ಶುಭಕಾರ್ಯದ ಹೊತ್ತಲ್ಲಿ ಜಗಳ ಯಾಕೆ’ ಅಂದರು. ಈ ಒಂದು ಮಾತಿನ ಮೇಲೆಯೇ ಅರ್ಧ ಜವಳಿ ವ್ಯಾಪಾರ ನಿಂತಿದೆ ಎಂದು ನನಗೆ ಅನಿಸುತ್ತದೆ. ಮದುವೆ ಮನೆಯವರಿಗೆ ಪುರುಸೊತ್ತಿರುವುದಿಲ್ಲ, ಮದುವೆ ಆದ ಮೇಲೆ ಮನಸ್ಸಿರುವುದಿಲ್ಲ.

ನಮ್ಮನ್ನು ಉಳಿಸಿದ್ದು ಮಗಳ ಮೊಬೈಲು. ಅಂಗಡಿಗೆ ಹೋಗುವ ಒಂದು ವಾರ ಮುಂಚೆ ಅವಳು ಅಲ್ಲಿನ ನಂಬರಿಗೆ ವಾಟ್ಸ್‌ಆ್ಯಪ್ ಮಾಡಿ ಫೋಟೊ ತರಿಸಿಕೊಂಡಿದ್ದಳು. ಇದೇ ಸೀರೆಯ ಫೋಟೊ ಕೆಳಗೆ ‘ಪ್ಯೂರ್ ಸಿಲ್ಕ್ ಪ್ಯೂರ್ ಜರಿ ಮೇಡಂ, 38,500 ಲಾಸ್ಟ್’ ಎಂದು ಬಂದಿತ್ತು. ಅವಳು ಅದನ್ನು ಅಳಿಸಿರಲಿಲ್ಲ.

ಇಲ್ಲಿಂದ ಮುಂದೆ ನಾನು ಓದಿಕೊಂಡದ್ದನ್ನು ಹೇಳುತ್ತೇನೆ. ಈಗ ಇರುವುದು 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ, 2020ರ ಜುಲೈನಿಂದ ಜಾರಿಯಲ್ಲಿದೆ. ಮಾಲಿನ ಗುಣಮಟ್ಟ, ಅದರಲ್ಲಿ ಏನು ಸೇರಿದೆ ಎಂಬುದರ ಬಗ್ಗೆ ಸುಳ್ಳು ಹೇಳಿ ಮಾರುವುದು ಅದರ ಪ್ರಕಾರ ಅನುಚಿತ ವ್ಯಾಪಾರ ಪದ್ಧತಿ. ಸುಳ್ಳನ್ನು ಬರೆದೇ ಕೊಟ್ಟಿರಬೇಕು ಅಂತೇನಿಲ್ಲ. ಬಾಯಲ್ಲಿ ಹೇಳಿದ್ದೂ ಲೆಕ್ಕಕ್ಕೆ ಬರುತ್ತದೆ, ಮೊಬೈಲಿನಲ್ಲಿ ಕಳಿಸಿದ್ದೂ ಬರುತ್ತದೆ. ಬಿಲ್ ಕೊಡದಿರುವುದೂ ಅದೇ ಪಟ್ಟಿಯಲ್ಲಿದೆ. ದೋಷವಿರುವ ಮಾಲನ್ನು ಬಿಲ್ಲಿನಲ್ಲಿ ಹೇಳಿದ ಅವಧಿಯೊಳಗೆ, ಅವಧಿ ಹೇಳಿರದಿದ್ದರೆ 30 ದಿನದೊಳಗೆ, ವಾಪಸ್ ತಗೊಂಡು ಹಣ ಕೊಡಲು ಒಪ್ಪದಿದ್ದರೆ ಅದೂ ಅನುಚಿತವೇ. ಅಂದರೆ ಬಿಲ್ಲಿನ ಹಿಂದೆ ಅಚ್ಚು ಹಾಕಿಸಿದ ‘ವಾಪಸ್ ಇಲ್ಲ’ ಎಂಬ ಸಾಲು ದೋಷವಿರುವ ಮಾಲಿಗೆ ನಡೆಯುವುದಿಲ್ಲ. ನಾವೆಲ್ಲ ಅದನ್ನು ಸರ್ಕಾರಿ ಆದೇಶ ಎಂಬಂತೆ ಓದಿ ಹೆದರುತ್ತೇವೆ, ಅಲ್ವಾ?

ಆದರೆ ಬಾಯಲ್ಲಿ ಹೇಳಿದ್ದೂ ತಪ್ಪು ಎಂದು ಕಾಯ್ದೆ ಹೇಳಿದರೂ, ಹೇಳಿದ್ದಾರೆ ಎಂದು ತೋರಿಸುವುದು ನಮ್ಮ ಪಾಲಿಗೆ ಬರುತ್ತದೆ. ಐದು ಜನ ಕೇಳಿಸಿಕೊಂಡಿದ್ದೆವು. ನಾದಿನಿಗೆ ಬಾದಾಮಿ ಹಾಲು ನೆನಪಿದೆ, ಮಾತು ನೆನಪಿಲ್ಲ.

ಸಾಕ್ಷಿ ಗಟ್ಟಿಯಾಗಲಿ ಎಂದು ಬ್ಲೌಸ್ ಪೀಸನ್ನು ಬೆಂಗಳೂರಿನ ಸಿಲ್ಕ್ ಬೋರ್ಡ್‌ಗೆ ಪರೀಕ್ಷೆಗೆ ಕೊಟ್ಟೆವು. ಸಿಲ್ಕ್ ಬೋರ್ಡ್ ಅಂದರೆ ಜನರಿಗೆ ಟ್ರಾಫಿಕ್ ಜಾಮ್ ನೆನಪಾಗುತ್ತದೆ. ಅಲ್ಲಿ ಕೇಂದ್ರ ರೇಷ್ಮೆ ಮಂಡಳಿ ಎಂಬ ಕಚೇರಿ ಇದೆ, ಶುಲ್ಕ ಕಟ್ಟಿದರೆ ರೇಷ್ಮೆ ಅಸಲಿಯೋ ಅಲ್ಲವೋ ನೋಡಿ ಹೇಳುತ್ತಾರೆ ಎಂಬುದು ಎಷ್ಟು ಜನಕ್ಕೆ ಗೊತ್ತು? 2004ರಿಂದ ಇರುವ ಸಿಲ್ಕ್ ಮಾರ್ಕ್ ಚೀಟಿ ಕೂಡ ಅವರದೇ. ಸಂಖ್ಯೆ ಇರುವ ಆ ಚೀಟಿ ಸೀರೆಗೆ ಅಂಟಿದ್ದರೆ ನೂಲು ಪೂರ್ತಿ ರೇಷ್ಮೆ ಎಂದು ಅರ್ಥ. ಒಂದು ಎಚ್ಚರ: ಅದು ರೇಷ್ಮೆಗೆ ಮಾತ್ರ, ಜರಿಗಲ್ಲ. ಜರಿಯಲ್ಲಿ ಬೇರೆ ಬೇರೆ ಜಾತಿ ಇದೆ. ಬೆಳ್ಳಿ ತಂತಿಗೆ ಚಿನ್ನದ ನೀರು ಕೊಟ್ಟದ್ದು ಅಸಲಿ. ತಾಮ್ರಕ್ಕೆ ಬೆಳ್ಳಿ ಲೇಪಿಸಿದ್ದು ಹಾಫ್ ಫೈನ್. ಇನ್ನೊಂದು ಬರೀ ಹೊಳೆಯುವ ಪ್ಲಾಸ್ಟಿಕ್. ಮೂರೂ ಅಂಗಡಿಯ ದೀಪದಲ್ಲಿ ಒಂದೇ ಥರ ಮಿಂಚುತ್ತವೆ. ನಮ್ಮ ರಾಜ್ಯ ಸರ್ಕಾರದ್ದೇ ರೇಷ್ಮೆ ನಿಗಮವಾದ ಕೆಎಸ್‌ಐಸಿ, ತನ್ನ ಮೈಸೂರು ಸಿಲ್ಕ್ ಸೀರೆಯ ಜರಿಯಲ್ಲಿ ಶೇ 65 ಬೆಳ್ಳಿ, ಶೇ 0.65 ಚಿನ್ನ ಎಂದು ಬಾಯಿಬಿಟ್ಟು ಹೇಳುತ್ತದೆ. ಅವರಿಗೆ ಹೇಳಲು ಆಗುವುದಾದರೆ ಉಳಿದವರಿಗೇನು ಕಷ್ಟ?

ಇನ್ನು ‘ಸೆಮಿ ಸಿಲ್ಕ್’, ‘ಆರ್ಟ್ ಸಿಲ್ಕ್’ ಎಂಬ ಹೆಸರುಗಳು. ಆರ್ಟ್ ಅಂದರೆ ಕಲೆ, ಏನೋ ಕಲಾತ್ಮಕ ಕೆಲಸ ಇರಬೇಕು ಎಂದು ನಾನು ಇಷ್ಟು ವರ್ಷ ತಿಳಿದಿದ್ದೆ. ಅದು ಆರ್ಟಿಫಿಷಿಯಲ್ ಎಂಬ ಪದದ ಬಾಲ ಕತ್ತರಿಸಿದ್ದು.

ಪರೀಕ್ಷೆಯ ವರದಿ ಕುಚ್ಚಿನ ಹುಡುಗಿ ಹೇಳಿದ್ದನ್ನೇ ಹೇಳಿತು. 1915ಕ್ಕೆ ಫೋನ್ ಮಾಡಿ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯಲ್ಲಿ ದೂರು ಬರೆಸಿದೆ. ಕರೆಗೆ ದುಡ್ಡಿಲ್ಲ. ಜೊತೆಗೆ ಎರಡು ಪುಟದ ನೋಟಿಸು ನಾನೇ ಕೈಯಲ್ಲಿ ಬರೆದೆ. ವಾಟ್ಸ್‌ಆ್ಯಪ್ ಪ್ರಿಂಟು, ಬಿಲ್ಲಿನ ನಕಲು, ವರದಿಯ ನಕಲು ಸೇರಿಸಿ, 15 ದಿನದಲ್ಲಿ ಹಣ ವಾಪಸ್ ಬರದಿದ್ದರೆ ತುಮಕೂರಿನ ಜಿಲ್ಲಾ ಗ್ರಾಹಕ ಆಯೋಗಕ್ಕೆ ಹೋಗುತ್ತೇನೆ ಎಂದು ಬರೆದು ಅಂಚೆಗೆ ಹಾಕಿದೆ. ನಮ್ಮ ರಿಜಿಸ್ಟರ್ಡ್ ಪೋಸ್ಟ್ ಈಗ ಸ್ಪೀಡ್ ಪೋಸ್ಟ್ ಜೊತೆ ಸೇರಿಹೋಗಿದೆ. ಆ ಹೆಸರು ಹೋದದ್ದಕ್ಕೆ ನನಗೆ ಬೇಸರವಿದೆ, ಅದು ಬೇರೆ ಪತ್ರದ ವಿಷಯ. ತಲುಪಿದ್ದಕ್ಕೆ ಪುರಾವೆ ಈಗಲೂ ಸಿಗುತ್ತದೆ, ಅದನ್ನು ಬಿಡಬೇಡಿ.

ತುಮಕೂರು ಎಂದು ಬರೆದದ್ದಕ್ಕೆ ಕಾರಣವಿದೆ. ಮೊದಲೆಲ್ಲ ಸಾಮಾನ್ಯವಾಗಿ ಅಂಗಡಿ ಇರುವ ಊರಿಗೇ ಹೋಗಿ ಕೇಸು ಹಾಕಬೇಕಿತ್ತು. ಹೊಸ ಕಾಯ್ದೆಯಲ್ಲಿ ಗ್ರಾಹಕರು ವಾಸವಿರುವ ಜಿಲ್ಲೆಯಲ್ಲೇ ದೂರು ಕೊಡಬಹುದು. ಕೊಟ್ಟ ಹಣ 5 ಲಕ್ಷ ದಾಟದಿದ್ದರೆ ಶುಲ್ಕವಿಲ್ಲ. ವಕೀಲರು ಕಡ್ಡಾಯವಲ್ಲ. ಎರಡು ವರ್ಷದೊಳಗೆ ದೂರು ಕೊಟ್ಟರೆ ಸಾಕು. ಇ-ಜಾಗೃತಿ ಎಂಬ ಸರ್ಕಾರಿ ಜಾಲತಾಣದಲ್ಲಿ ಮನೆಯಿಂದಲೇ ಸಲ್ಲಿಸಬಹುದು. ಮಾಲನ್ನು ಲ್ಯಾಬಿಗೆ ಕಳಿಸುವ ಅಧಿಕಾರ ಆಯೋಗಕ್ಕೂ ಇದೆ. ಪರೀಕ್ಷೆ ಬೇಕಿಲ್ಲದ ದೂರು 3 ತಿಂಗಳಲ್ಲಿ, ಬೇಕಿರುವುದು 5 ತಿಂಗಳಲ್ಲಿ ಮುಗಿಯಲು ಪ್ರಯತ್ನಿಸಬೇಕು ಎಂದು ಕಾಯ್ದೆ ಹೇಳುತ್ತದೆ. ನಿಜದಲ್ಲಿ ಜಾಸ್ತಿ ಹಿಡಿಯುತ್ತದೆ. ಸರ್ಕಾರಿ ಕಚೇರಿಯಲ್ಲಿ ಕೂತು ಬಂದವಳಿಗೆ ಅದು ಆಶ್ಚರ್ಯವೇನಲ್ಲ.

ನೋಟಿಸು ತಲುಪಿದ ಏಳನೇ ದಿನ ಮ್ಯಾನೇಜರ್ ಫೋನ್ ಬಂತು. ದನಿ ಬದಲಾಗಿತ್ತು, ‘ಮೇಡಂ’ ಹೋಗಿ ‘ಅಮ್ಮ’ ಆಗಿತ್ತು. ಸೀರೆ ತಂದುಕೊಡಿ, ಬ್ಲೌಸ್ ಪೀಸ್ ಕತ್ತರಿಸಿದ್ದಕ್ಕೆ 2,000 ಹಿಡಿದುಕೊಂಡು ಉಳಿದದ್ದು ಅಕೌಂಟಿಗೆ ಹಾಕುತ್ತೇವೆ ಅಂದರು. ಮಗಳು ಒಪ್ಪಬೇಡ ಅಂದಳು. ತಪ್ಪು ಅವರದು, ನಾವ್ಯಾಕೆ ದಂಡ ಕೊಡಬೇಕು, ಪರಿಹಾರವನ್ನೂ ಕೇಳೋಣ ಅಂದಳು. ಅವಳ ಮಾತೇ ಸರಿ. ಆದರೆ ಮನೆ ಮುಂದೆ ಚಪ್ಪರದ ಗಳ ಬಂದು ಬಿದ್ದಿದ್ದವು. ಒಪ್ಪಿಕೊಂಡೆ. 38,425 ಬಂತು. ನನಗಾಗಿ ಅಲ್ಲದಿದ್ದರೂ ಮುಂದೆ ಅದೇ ಹಾಸಿಗೆಯ ಮೇಲೆ ಕೂರುವ ಇನ್ನೊಬ್ಬ ತಾಯಿಗಾಗಿ ಆಯೋಗಕ್ಕೆ ಹೋಗಬೇಕಿತ್ತೇನೋ ಎಂದು ಈಗಲೂ ಅನಿಸುತ್ತದೆ. ಹಣ ಕೊಡುವಾಗ ‘ಅಂಗಡಿಯ ಮೇಲೆ ಯಾವುದೇ ದೂರಿಲ್ಲ’ ಎಂದು ಬರೆದುಕೊಡಿ ಅಂದರು. ‘ಹಣ ಬಂದಿದೆ’ ಎಂದು ಮಾತ್ರ ಬರೆದು ತಾರೀಖು ಹಾಕಿ ಸಹಿ ಮಾಡಿದೆ. ಇಷ್ಟಾದ ಮೇಲೆ ಹೆಸರು ಬಯಲಿಗೆ ಹಾಕುವುದು ಸರಿಯಲ್ಲ ಎಂದು ಇಲ್ಲೂ ಬರೆದಿಲ್ಲ.

ಧಾರೆಗೆ ಮಗಳು ಉಟ್ಟದ್ದು ನಮ್ಮೂರಲ್ಲೇ ಕೊಂಡ 14,800ರ ಸೀರೆ. ಆ ಅಂಗಡಿಯಲ್ಲಿ ಬಾದಾಮಿ ಹಾಲಿಲ್ಲ, ಫ್ಯಾನ್ ಕೂಡ ಒಂದೇ ಕಡೆ ಬೀಸುತ್ತದೆ. ಆದರೆ ಆ ಯಜಮಾನರು ಕೇಳುವ ಮೊದಲೇ ಹೇಳಿದರು: ‘ರೇಷ್ಮೆಗೆ ನಾನು ಗ್ಯಾರಂಟಿ, ಜರಿ ಮಾತ್ರ ಹಾಫ್ ಫೈನು ತಾಯಿ, ಇಪ್ಪತ್ತು ವರ್ಷಕ್ಕೆ ಕಪ್ಪಾಗಬಹುದು.’ ಹಾಗೇ ಬರೆದುಕೊಡಿ ಅಂದೆ, ಬರೆದುಕೊಟ್ಟರು. ಮದುವೆಗೆ ಬಂದವರಲ್ಲಿ ಸೀರೆಯ ಬೆಲೆಯನ್ನು ನಲವತ್ತು ಸಾವಿರದ ಕೆಳಗೆ ಹೇಳಿದವರು ಯಾರೂ ಇಲ್ಲ.

ಅಂಗಡಿಯವರದೇ ತಪ್ಪು ಎಂದು ಎಲ್ಲದಕ್ಕೂ ಹೇಳುವುದಿಲ್ಲ. ನಮ್ಮ ನಾದಿನಿ ಅದೇ ದಿನ ಅದೇ ಅಂಗಡಿಯಲ್ಲಿ ಮೆಂತ್ಯ ಬಣ್ಣ ಎಂದು ಒಂದು ಸೀರೆ ಕೊಂಡಳು. ಮನೆಗೆ ತಂದು ಬಿಸಿಲಲ್ಲಿ ಬಿಚ್ಚಿದರೆ ಕಾಫಿಪುಡಿ ಬಣ್ಣ. ನೂಲು ಸರಿಯಿದೆ, ನೇಯ್ಗೆ ಸರಿಯಿದೆ, ಬೆಲೆಯೂ ಸರಿಯೇ. ಮನಸ್ಸಲ್ಲಿದ್ದ ಬಣ್ಣ ಅಲ್ಲ ಅಷ್ಟೇ. ನನ್ನ ನೋಟಿಸಿನಲ್ಲಿ ಅದನ್ನೂ ಸೇರಿಸು ಎಂದು ಗೋಗರೆದಳು, ಸೇರಿಸಲಿಲ್ಲ. ದೀಪಕ್ಕೆ ಮೋಸ ಹೋದವರಿಗೆ ಕಾಯ್ದೆ ಏನು ಮಾಡಲಿಕ್ಕಾಗುತ್ತದೆ? ಸೀರೆಯನ್ನು ಬಾಗಿಲವರೆಗೆ ಒಯ್ದು ಹಗಲ ಬೆಳಕಲ್ಲಿ ನೋಡಬೇಕಿತ್ತು. ಹಾಗೆ ನೋಡಲು ಬಿಡದ ಅಂಗಡಿಯಿಂದ ಎದ್ದು ಬರಬೇಕು.

ಬ್ಲೌಸ್ ಹೊಲಿಯುವವರ ಕಥೆ ಇದಕ್ಕಿಂತ ದೊಡ್ಡದು. ಮಗಳ ಗೆಳತಿಗೆ ಬೊಟಿಕ್‌ನವರು ಮೊಬೈಲಲ್ಲಿ ನವಿಲಿನ ಆರಿ ವರ್ಕ್ ಕಸೂತಿ ತೋರಿಸಿ 6,500 ತಗೊಂಡು, ಕೊನೆಗೆ ಕೋಳಿಯಂಥದ್ದೇನೋ ಮಾಡಿಕೊಟ್ಟರು, ತೋಳು ಬೇರೆ ಏರಲಿಲ್ಲ. ಚೀಟಿಯಲ್ಲಿ ಇದ್ದದ್ದು ‘ಬ್ಲೌಸ್ 1, ಅಡ್ವಾನ್ಸ್ 4,000’. ಹೊಲಿಗೆಯೂ ಸೇವೆಯೇ, ಸೇವೆಯಲ್ಲಿ ಕೊರತೆಯಾದರೆ ಇದೇ ಕಾಯ್ದೆ. 2025ರಲ್ಲಿ ಅಹಮದಾಬಾದಿನ ಗ್ರಾಹಕ ಆಯೋಗವು ಮದುವೆಗೆ ಸರಿಯಾಗಿ ಬ್ಲೌಸ್ ಕೊಡದ ಟೈಲರ್‌ಗೆ, ಮುಂಗಡ ಪಡೆದ 4,395 ರೂಪಾಯಿಯನ್ನು ಬಡ್ಡಿ ಸಮೇತ ವಾಪಸ್ ಕೊಟ್ಟು ಪರಿಹಾರವನ್ನೂ ಕೊಡು ಎಂದು ಹೇಳಿದ್ದು ಪತ್ರಿಕೆಗಳಲ್ಲೇ ಬಂದಿತ್ತು. ಡಿಸೈನಿನ ಫೋಟೊ, ಕೊಡುವ ತಾರೀಖು, ಅಳತೆ, ಮೂರನ್ನೂ ಚೀಟಿಯ ಮೇಲೆ ಬರೆಸಿ ಅದರ ಫೋಟೊ ಹೊಡೆದುಕೊಂಡರೆ ಸಾಕು. ಮೊಬೈಲಲ್ಲೇ ಸೀರೆ ಕೊಳ್ಳುವವರು ಪಾರ್ಸಲ್ ಬಿಚ್ಚುವಾಗ ವಿಡಿಯೊ ಮಾಡಿಕೊಳ್ಳಿ. ತೋರಿಸಿದ್ದೊಂದು ಕಳಿಸಿದ್ದೊಂದು ಆದರೆ ವಾಪಸ್ ತಗೊಳ್ಳಲ್ಲ ಅನ್ನುವ ಹಾಗಿಲ್ಲ ಎಂದು 2020ರ ಇ-ಕಾಮರ್ಸ್ ನಿಯಮಗಳಲ್ಲಿ ಇದೆ.

ಸರ್ಕಾರಕ್ಕೆ ನನ್ನ ಬೇಡಿಕೆ ಒಂದೇ. ಹತ್ತು ಸಾವಿರ ದಾಟಿದ ಪ್ರತಿ ಸೀರೆಯ ಬಿಲ್ಲಿನಲ್ಲಿ ಹಾಸು ಯಾವುದು, ಹೊಕ್ಕು ಯಾವುದು, ಜರಿ ಯಾವುದು ಎಂದು ಬರೆಯುವುದನ್ನು ಕಡ್ಡಾಯ ಮಾಡಿ. ಬಿಸ್ಕತ್ತಿನ ಪೊಟ್ಟಣದ ಮೇಲೆ ಒಳಗೆ ಏನೇನಿದೆ ಎಂದು ಅಚ್ಚಾಗಿರುತ್ತದೆ. ನಲವತ್ತು ಸಾವಿರದ ಸೀರೆಗೆ ಮೂರು ಪದ ಬರೆಯಲು ಶಾಯಿ ಎಷ್ಟು ಖರ್ಚಾದೀತು? ಅದು ಆಗುವವರೆಗೆ ನಾವೇ ಕೇಳಿ ಬರೆಸಿಕೊಳ್ಳಬೇಕು.

ಹೋದ ವಾರ ಪಕ್ಕದ ಮನೆಯವರ ಜೊತೆ ಅವರ ಸೊಸೆಗೆ ಸೀರೆ ತೆಗೆಯಲು ಹೋಗಿದ್ದೆ. ಬೇರೆ ಊರು, ಬೇರೆ ಅಂಗಡಿ. ಹುಡುಗ 32,000ದ ಸೀರೆ ಬಿಚ್ಚಿ ‘ಪ್ಯೂರ್ ಜರಿ ಆಂಟಿ’ ಅಂದ. ‘ಸರಿಯಪ್ಪ, ಇದೇ ಇರಲಿ. ಬಿಲ್ಲಲ್ಲಿ ಪ್ಯೂರ್ ಜರಿ ಅಂತ ಬರೆದುಬಿಡು’ ಅಂದೆ. ಪೆನ್ನು ಎತ್ತಿದವನು ಹಾಗೇ ನಿಂತ. ‘ಒಂದ್ನಿಮಿಷ’ ಎಂದು ಒಳಗೆ ಹೋದ. ಸ್ವಲ್ಪ ಹೊತ್ತಿಗೆ ಅಂಗಡಿಯ ಮಾಲೀಕರೇ ಹೊರಗೆ ಬಂದರು, ನಮಸ್ಕಾರ ಮಾಡಿದರು, ನನ್ನ ಮುಖ ಒಂದು ಸಲ ನೋಡಿ ಸೀರೆಯನ್ನು ಮಡಚತೊಡಗಿದರು. ‘ಇದು ಬೇಡ ಅಮ್ಮಾ, ನಿಮಗೆ ಬೇರೆ ತೋರಿಸ್ತೀನಿ.’

ಇತಿ,
ಒಬ್ಬ ನಿವೃತ್ತ ಅಂಚೆ ನೌಕರೆ,
ತಿಪಟೂರು